ಮೂರನೆಯ ಹಗೇವು

"ಗುರುಗಳೆ, ವೈರಿಯೇ ಆಣೆ ಮುರಿದ ಮೇಲೆ ನಮಗೆ ಆಣೆಯ ಹಂಗು ಏಕೆ?"

ಸೂರಗೊಂಡ ಇದನ್ನು ನಿಂತುಕೊಂಡೇ ಕೇಳಿದ. ಕೂರು ಎಂದು ಗುರುಗಳು ಎರಡು ಸಲ ಹೇಳಿದ್ದರು. ಅವನು ಕೂರಲಿಲ್ಲ. ಹಿಂದೆ ಇದೇ ಮಠದಲ್ಲಿ ಆರು ವರ್ಷ ಓದಿದವನು ಅವನು. ಈಗ ತನ್ನ ಊರಿನ ಪಡೆಗೆ ಮುಂದಾಳು. ಐದು ದಿನಗಳ ಹಿಂದೆ ಅವನ ತಮ್ಮ ಕಾಳಗದಲ್ಲಿ ಗಾಯಗೊಂಡು ಬಿದ್ದಿದ್ದ. ನೀರು ಕೇಳುತ್ತಿದ್ದ ಅವನನ್ನು ವೈರಿಗಳು ಬಿದ್ದಲ್ಲಿಯೇ ಇರಿದು ಕೊಂದಿದ್ದರು. ಬಿದ್ದವನನ್ನು ಮುಟ್ಟಬಾರದೆಂಬ ಆಣೆ ಎರಡೂ ಕಡೆಗೆ ಇತ್ತು. ಈಗ ಆ ವೈರಿಗಳಲ್ಲಿ ಮೂವರು ಸೆರೆ ಸಿಕ್ಕಿದ್ದರು. ಅವರನ್ನು ಚಾವಡಿಯ ಕಂಬಕ್ಕೆ ಕಟ್ಟಿಸಿ ಅವನು ನೇರವಾಗಿ ಇಲ್ಲಿಗೆ ಬಂದಿದ್ದ.

"ಉತ್ತರ ಇಲ್ಲದಿದ್ದರೆ ಇಲ್ಲವೆಂದು ಹೇಳಿಬಿಡಿ. ನನಗೆ ಊರಲ್ಲಿ ಕೆಲಸವಿದೆ," ಎಂದ.

ಗುರುಗಳು ಹೇಳಿದರು: "ನಿನ್ನ ಕೋಪ ನ್ಯಾಯವಾದದ್ದು. ಅದನ್ನು ಬಿಡೆಂದು ನಾನು ಹೇಳುವುದಿಲ್ಲ. ಒಂದು ಕತೆಯಿದೆ. ಬೇಕಿದ್ದರೆ ನಿಂತೇ ಕೇಳು."

ಗುರುಗಳು ಹೇಳಿದ ಕತೆ ಇದು.

ಎರಡು ನಾಡುಗಳಿದ್ದವು. ನಡುವೆ ಒಂದು ಹಳ್ಳ. ಹಳ್ಳದ ನೀರಿಗಾಗಿ ಹುಟ್ಟಿದ ಜಗಳ ಯುದ್ಧಕ್ಕೆ ಬಂದು ನಿಂತಿತು. ಯುದ್ಧ ತಪ್ಪಿಸುವುದು ಎರಡೂ ನಾಡಿನ ಹಿರಿಯರಿಂದ ಆಗಲಿಲ್ಲ. ಆದರೆ ಅವರು ಗಡಿಕಲ್ಲಿನ ಬಳಿ ಸೇರಿ, ದೇವರ ಭಂಡಾರದ ಅರಿಶಿನ ಮುಟ್ಟಿ ಒಂದು ಆಣೆ ಮಾಡಿದರು. ಆಯುಧ ಹಿಡಿದವನು ಆಯುಧ ಹಿಡಿದವನೊಡನೆ ಮಾತ್ರ ಕಾದಬೇಕು. ಹೊಲದಲ್ಲಿರುವವರನ್ನು, ಮನೆಯಲ್ಲಿರುವವರನ್ನು ಮುಟ್ಟಬಾರದು. ಗಾಯಗೊಂಡು ಬಿದ್ದವನನ್ನೂ ಅವನನ್ನು ಹೊತ್ತೊಯ್ಯುವವನನ್ನೂ ಮುಟ್ಟಬಾರದು. ಕುಡಿಯುವ ನೀರು ಕೆಡಿಸಬಾರದು. ಆಯುಧ ಕೆಳಗಿಟ್ಟು ಶರಣು ಎಂದವನನ್ನು ಕೊಲ್ಲಬಾರದು. ಇಷ್ಟನ್ನು ಒಪ್ಪಿಕೊಂಡು, ಮಾರನೆಯ ದಿನದಿಂದ ಕಾದಾಡತೊಡಗಿದರು.

ಹಳ್ಳದ ಈಚೆಯ ಊರಲ್ಲಿ ನಿಂಬೆವ್ವನೆಂಬ ವಿಧವೆ ಇದ್ದಳು. ಊರಿನ ಜೋಳವನ್ನು ಕಾಯುವುದು ಅವಳ ಮನೆತನದ ಕೆಲಸ. ಅವಳ ಹಿತ್ತಲಲ್ಲಿ ಏಳು ಹಗೇವುಗಳಿದ್ದವು. ಹಗೇವು ಎಂದರೆ ಕಾಳು ತುಂಬಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬನು ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು. ಕಾಳು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ. ಆದರೆ ಮುಚ್ಚಿದ ಹಗೇವಿನಲ್ಲಿ ಗಾಳಿ ಸತ್ತಿರುತ್ತದೆ. ಕಲ್ಲು ತೆಗೆದು ಒಂದು ದಿನ ಬಿಡದೆ ಇಳಿದವನು ಮೇಲೆ ಬರುವುದಿಲ್ಲ. ನಿಂಬೆವ್ವ ಮದುವೆಯಾಗಿ ಬಂದ ವರ್ಷವೇ ಇದನ್ನು ಕಣ್ಣಾರೆ ಕಂಡಿದ್ದಳು. ಆಳೊಬ್ಬ ಅವಸರದಿಂದ ಇಳಿದ. ಅವನನ್ನು ಎತ್ತಲು ಅವನ ಅಣ್ಣ ಇಳಿದ. ಇಬ್ಬರನ್ನೂ ಹಗ್ಗಕ್ಕೆ ಕೊಂಡಿ ಕಟ್ಟಿ ಎಳೆಯಬೇಕಾಯಿತು. ಮೈಮೇಲೆ ಒಂದು ಗೀರೂ ಇರಲಿಲ್ಲ.

ನಿಂಬೆವ್ವನಿಗೆ ಒಬ್ಬಳೇ ಮಗಳು, ಶಾಂತವ್ವ. ಅವಳನ್ನು ಗಡಿಯ ಒಂದು ಹಳ್ಳಿಗೆ ಕೊಟ್ಟಿದ್ದರು. ಅಳಿಯ ಬರಮಣ್ಣ ಪಡೆಯಲ್ಲಿದ್ದ. ಯುದ್ಧ ಶುರುವಾದಾಗ ಶಾಂತವ್ವ ತುಂಬಿದ ಬಸುರಿ. ಗಂಡನ ಮನೆಯಲ್ಲಿಯೇ ಹೆರಿಗೆಯಾಯಿತು. ಹೆಣ್ಣುಮಗು. ಹನ್ನೊಂದನೆಯ ದಿನ ವೈರಿಯ ರಾವುತರು ಆ ಹಳ್ಳಿಗೆ ನುಗ್ಗಿದರು. ಗಂಡಸರೆಲ್ಲ ಹಳ್ಳದ ದಂಡೆಯಲ್ಲಿ ಕಾದುತ್ತಿದ್ದರು. ಓಡಬಲ್ಲವರು ಗುಡ್ಡಕ್ಕೆ ಓಡಿದರು. ಬಾಣಂತಿಗೆ ಓಡಲಾಗಲಿಲ್ಲ. ರಾವುತರು ಹಿತ್ತಲ ಕಡೆಗೆ ಬಾಗಿಲಿದ್ದ ಬಾಣಂತಿ ಕೋಣೆಗೆ ಹೊರಗಿನಿಂದ ಚಿಲಕ ಹಾಕಿ, ಮನೆಗೆ ಬೆಂಕಿ ಇಟ್ಟು ಹೋದರು.

ನಿಂಬೆವ್ವ ಮೂರು ಹರದಾರಿ ನಡೆದು ಹೋದಳು. ಮಣ್ಣು ಮಾಡುವುದಕ್ಕೆ ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಕದ ಸುಟ್ಟುಹೋಗಿತ್ತು. ಚಿಲಕ ಸುಟ್ಟಿರಲಿಲ್ಲ. ಅದು ಕೊಂಡಿಯಲ್ಲಿ ಸಿಕ್ಕಿಕೊಂಡೇ ಬೂದಿಯಲ್ಲಿ ಬಿದ್ದಿತ್ತು. ಅವಳು ಅಳಲಿಲ್ಲ. ಮರಳಿ ಬಂದವಳು ಎಂಟು ದಿನ ಒಂದೇ ಮಾತು ಆಡಿದಳು. "ಚಿಲಕ ಹಾಕಿದ ಕೈ ಯಾವುದು?" ಬಂದವರನ್ನೆಲ್ಲ ಇದನ್ನೇ ಕೇಳಿದಳು. ಸಮಾಧಾನ ಹೇಳಲು ಬಂದವರನ್ನು ಬೈದು ಅಟ್ಟಿದಳು.

ಒಂಬತ್ತನೆಯ ದಿನ ಹಳ್ಳದ ಕಾಳಗದಲ್ಲಿ ಈಚೆಯ ನಾಡು ಗೆದ್ದಿತು. ಐವರು ವೈರಿಗಳು ಆಯುಧ ಕೆಳಗಿಟ್ಟು ಶರಣಾದರು. ದಳವಾಯಿ ಅವರನ್ನು ನಿಂಬೆವ್ವನ ಊರಿಗೆ ತಂದ. ಅವರಲ್ಲಿ ಒಬ್ಬನ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಬೆಂಕಿ ಬಿದ್ದ ದಿನ ಆ ಹಿತ್ತಲಿನಾಚೆಯ ದಿಬ್ಬದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಅವನನ್ನು ನೋಡಿದ ಕೂಡಲೇ ಕೋಲು ಎತ್ತಿ ತೋರಿಸಿದ.

"ಚಿಲಕ ಹಾಕಿದವನು ಇವನೇ. ನಾನು ಕಂಡಿದ್ದೇನೆ."

ಬರಮಣ್ಣ ಕೊಡಲಿ ಹಿಡಿದು ಮುನ್ನುಗ್ಗಿದ. ದಳವಾಯಿ ಅವನ ತೋಳು ಹಿಡಿದು ನಿಲ್ಲಿಸಿದ.

"ತಡಿ. ಆಣೆ ಇದೆ. ಶರಣಾದವನ ಮೇಲೆ ಆಯುಧ ಎತ್ತುವ ಹಾಗಿಲ್ಲ. ನಾಳೆ ಹಿರಿಯರ ಮುಂದೆ ನಾನು ಉತ್ತರ ಹೇಳಬೇಕಾಗುತ್ತದೆ." ಆಮೇಲೆ ಅವನು ನಿಂಬೆವ್ವನ ಕಡೆ ತಿರುಗಿದ. "ಆದರೆ ಸೆರೆಯಾಳುಗಳನ್ನು ಎಲ್ಲಾದರೂ ಇಡಲೇಬೇಕಲ್ಲ, ತಾಯಿ? ನಿನ್ನ ಹಗೇವುಗಳಲ್ಲಿ ಖಾಲಿ ಇರುವುದು ಯಾವುದು? ಬಹಳ ದಿನದಿಂದ ತೆಗೆಯದೆ ಇರುವುದು ಯಾವುದು?"

ಜನಕ್ಕೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒಬ್ಬ ನಕ್ಕ. ಅವನ ಹಿಂದೆಯೇ ಹಲವರು ನಕ್ಕರು. ಆಯುಧ ಎತ್ತುವುದಿಲ್ಲ. ರಕ್ತ ಬೀಳುವುದಿಲ್ಲ. ಸೆರೆ ಇಟ್ಟಿದ್ದೆವು, ಸತ್ತರು. ಯಾರು ಏನು ಕೇಳಿಯಾರು? ದಳವಾಯಿ ಬುದ್ಧಿವಂತನೆಂದು ಜನ ತಲೆದೂಗಿದರು.

"ಮೂರನೆಯದು," ಎಂದಳು ನಿಂಬೆವ್ವ.

ಅವಳ ಬಾಯಿಂದ ಆ ಮಾತು ಒಂದಿಷ್ಟೂ ತಡವಿಲ್ಲದೆ ಬಂತು. ಎರಡು ವರ್ಷದಿಂದ ಮುಚ್ಚಿದ್ದ ಹಗೇವು ಅದು. ತಳದಲ್ಲಿ ಕೊಳೆತ ಜೋಳವಿತ್ತು. ಅವಳೇ ಮುಂದೆ ನಡೆದಳು. ಅವಳೇ ಹಾರೆ ಕೊಟ್ಟಳು. ಇಬ್ಬರು ಚಪ್ಪಡಿ ಎತ್ತಿದರು. ಒಳಗಿನಿಂದ ಬಿಸಿಯಾದ ಹುಳಿ ನಾತ ಮುಖಕ್ಕೆ ಹೊಡೆಯಿತು. ಒಂಬತ್ತು ದಿನಗಳಲ್ಲಿ ಮೊದಲ ಸಲ ಅವಳ ಎದೆ ಹಗುರಾಯಿತು. ಮುಂದೆ ಜೀವಮಾನವಿಡೀ ಅವಳು ಆ ಹಗುರವನ್ನು ನೆನೆದು ಹೇಸಿಕೊಂಡಳು.

ಐವರನ್ನೂ ತಂದರು. ನಾಲ್ವರಿಗೆ ಏನೂ ತಿಳಿಯಲಿಲ್ಲ. ನೆರಳಿಗೆ ಒಯ್ಯುತ್ತಿದ್ದಾರೆ ಎಂದುಕೊಂಡರು. ಸುಟ್ಟ ಕೈಯವನು ಮಾತ್ರ ಹಗೇವು ಇರುವ ಸೀಮೆಯವನು. ನಾತ ಮೂಗಿಗೆ ಬಿದ್ದ ಕೂಡಲೇ ಅವನು ಹಿಂದಕ್ಕೆ ಜಗ್ಗಿದ. ಅವನು ಕೂಗಿಕೊಂಡ. ಯಾರೂ ಕಿವಿಗೊಡಲಿಲ್ಲ. ನಿಂಬೆವ್ವ ಅವನ ಮುಖವನ್ನೇ ನೋಡುತ್ತ ನಿಂತಳು. ಕನಿಕರ ಹುಟ್ಟಲಿಲ್ಲ. ಇನ್ನೂ ಕೂಗಲಿ ಅನ್ನಿಸಿತು.

ದಳವಾಯಿ ಆಳುಗಳಿಗೆ ಹೇಳಿದ: "ಇಳಿಸಿದ ಮೇಲೆ ಚಪ್ಪಡಿ ಮುಚ್ಚಿ. ಸುತ್ತ ಮಣ್ಣು ಮೆತ್ತಿ. ಮೆತ್ತುವ ಹದ ಈ ತಾಯಿಗೆ ಗೊತ್ತು. ಹೊರಗಿನಿಂದ ಅವಳೇ ಭದ್ರ ಮಾಡಲಿ. ಅವಳ ಹಕ್ಕು ಅದು."

ಹೊರಗಿನಿಂದ ಎಂಬ ಮಾತು ನಿಂಬೆವ್ವನ ಕಿವಿಯಲ್ಲಿ ನಿಂತುಬಿಟ್ಟಿತು. ಅವಳು ತನ್ನ ಕೈ ನೋಡಿಕೊಂಡಳು. ಒಬ್ಬಳು ಆಗಲೇ ಮಣ್ಣು ಕಲಸಿ ತಂದು ಅವಳ ಮುಂದೆ ಇಟ್ಟಿದ್ದಳು. ನಿಂಬೆವ್ವ ಆ ಮಣ್ಣಿನ ಬುಟ್ಟಿಯನ್ನು ಕಾಲಿನಿಂದ ಒದ್ದಳು. ಹಗೇವಿನ ಬಾಯಿಗೆ ಅಡ್ಡಲಾಗಿ ಹೋಗಿ ನಿಂತಳು.

"ದಳವಾಯಿಗಳೆ, ಚಿಲಕ ಹಾಕಿದ ಕೈ ಯಾವುದೆಂದು ನಾನು ಒಂಬತ್ತು ದಿನದಿಂದ ಹುಡುಕಿದೆ. ಈಗ ನನ್ನ ಕೈಯನ್ನೇ ಆ ಕೈ ಮಾಡಲು ಹೊರಟಿರಾ?"

"ಇದು ಬರೀ ಸೆರೆಮನೆ, ತಾಯಿ."

"ನನ್ನ ಮಗಳ ಕೋಣೆಯೂ ಬರೀ ಕೋಣೆಯಾಗಿತ್ತು."

ದಳವಾಯಿಯ ಮುಖ ಕೆಂಪಾಯಿತು. "ಒಳಗೆ ಏನಾಗುತ್ತದೋ ಯಾರಿಗೆ ಗೊತ್ತು? ಬದುಕಿದರೆ ಬದುಕಲಿ."

"ಗೊತ್ತಿಲ್ಲವೇ? ಗೊತ್ತು ಮಾಡುತ್ತೇನೆ ಇರಿ," ಎಂದಳು ನಿಂಬೆವ್ವ.

ಅವಳು ಮನೆಯೊಳಗಿಂದ ಹಣತೆ ಹಚ್ಚಿ ತಂದಳು. ಅದನ್ನು ಒಂದು ಬುಟ್ಟಿಯಲ್ಲಿಟ್ಟು, ಹಗ್ಗ ಕಟ್ಟಿ, ಎಲ್ಲರೂ ಬಂದು ನೋಡಿ ಎಂದು ಕೂಗಿದಳು. ಬಾರದವರನ್ನು ಹೆಸರು ಹಿಡಿದು ಕರೆದಳು. ಊರಿನ ಹೆಂಗಸರು, ಗಂಡಸರು, ನಕ್ಕವರು, ತಲೆದೂಗಿದವರು, ಎಲ್ಲರೂ ಬಾಯಿಯ ಸುತ್ತ ಬಂದು ಬಗ್ಗಿದರು. ಅವಳು ಹಗ್ಗ ಬಿಟ್ಟಳು. ಒಂದಾಳು ಆಳ ಹೋಗುವಷ್ಟರಲ್ಲಿ ದೀಪ ಆರಿತು. ಮೇಲೆ ಎಳೆದು, ಮತ್ತೆ ಹಚ್ಚಿ, ಮತ್ತೆ ಇಳಿಸಿದಳು. ಮತ್ತೆ ಆರಿತು.

"ಕಂಡಿರಾ? ಈಗ ಎಲ್ಲರಿಗೂ ಗೊತ್ತಾಯಿತು. ಇನ್ನು ಈ ಊರಲ್ಲಿ ಯಾರೊಬ್ಬರೂ ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಈಗ ಇಳಿಸುವವರು ಇಳಿಸಿ. ಆದರೆ ಕೊಂದೆ ಎಂದು ಬಾಯಿಬಿಟ್ಟು ಹೇಳಿ ಇಳಿಸಿ. ಸೆರೆ ಇಟ್ಟೆ ಎನ್ನಬೇಡಿ."

ಯಾರೂ ಮುಂದೆ ಬರಲಿಲ್ಲ. ನಗುತ್ತಿದ್ದವರು ನೆಲ ನೋಡಿದರು. ಬರಮಣ್ಣ ಮಾತ್ರ ಕೊಡಲಿ ನೆಲಕ್ಕೆ ಎಸೆದು ಅವಳ ಮುಂದೆ ಬಂದು ನಿಂತ.

"ಅತ್ತೆ, ನಿಮ್ಮ ಮೊಮ್ಮಗಳಿಗೆ ಹೆಸರು ಸಹ ಇಟ್ಟಿರಲಿಲ್ಲ. ಅವನ ಮೇಲೆ ನಿಮಗೆ ದಯೆ ಬಂತೇ?"

"ದಯೆಯೇ?" ನಿಂಬೆವ್ವ ಚೀರಿದಳು. "ಅವನನ್ನು ನನ್ನ ಹಲ್ಲಿನಿಂದ ಹರಿಯಬೇಕೆಂದಿದೆ. ಆ ನಾಲ್ವರ ಮುಖ ಕಂಡರೂ ನನಗೆ ವಾಂತಿ ಬರುತ್ತದೆ. ಆದರೆ ಅವನು ಇದರೊಳಗೆ ಸತ್ತರೆ ಒಂದು ಗಳಿಗೆಯಲ್ಲಿ ನಿದ್ದೆ ಹೋದ ಹಾಗೆ ಸಾಯುತ್ತಾನೆ. ಚಿಲಕ ಹಾಕಿದೆ ಎಂದು ಅವನ ಬಾಯಿಂದ ನಾನು ಕೇಳಬೇಕು. ಎರಡೂ ನಾಡು ಕೇಳಬೇಕು. ಹಾಕು ಎಂದು ಹೇಳಿದವನು ಯಾರು, ಅದನ್ನೂ ಕೇಳಬೇಕು. ಸತ್ತವನು ಉತ್ತರ ಹೇಳುತ್ತಾನೇನು?"

ಬರಮಣ್ಣ ತಿರುಗಿ ಹೊರಟುಹೋದ. ದಳವಾಯಿಗೆ ಜನರ ಮುಂದೆ ಮುಖಭಂಗವಾಗಿತ್ತು. "ಹಾಗಾದರೆ ನೀನೇ ಇಟ್ಟುಕೊಂಡು ಸಾಕು," ಎಂದು ಉಗುಳಿ, ಇಬ್ಬರು ಕಾವಲಿನವರನ್ನು ಬಿಟ್ಟು ಕುದುರೆ ಏರಿದ.

ಸೆರೆಯಾಳುಗಳನ್ನು ನಿಂಬೆವ್ವ ದನದ ಕೊಟ್ಟಿಗೆಯಲ್ಲಿ ಇರಿಸಿದಳು. ನಲವತ್ತು ದಿನ ಅನ್ನ ಹಾಕಿದಳು. ಊರವರು ಅವಳ ಒಲೆಗೆ ಬೆಂಕಿ ಕೊಡುವುದನ್ನು, ಮೊಸರಿಗೆ ಹೆಪ್ಪು ಕೊಡುವುದನ್ನು ಬಿಟ್ಟರು. ಬಾವಿಯಲ್ಲಿ ಅವಳು ಕೊಡ ಇಳಿಸಿದರೆ ಉಳಿದವರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಅವಳು ಅವರನ್ನೂ ಬೈದಳು. ಸೆರೆಯಾಳುಗಳನ್ನೂ ಬೈದಳು. ಬೈಯುತ್ತಲೇ ರೊಟ್ಟಿ ಬಡಿದಳು. ಒಂದು ದಿನ ಅವರ ಅಂಬಲಿಯ ಗಡಿಗೆಗೆ ಉಗುಳಿದಳು. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದು, ಆಮೇಲೆ ಎದ್ದು ತಿಪ್ಪೆಗೆ ಚೆಲ್ಲಿ, ಗಡಿಗೆ ತೊಳೆದು, ಮತ್ತೆ ಹಿಟ್ಟು ಕದಡಿ ಒಲೆಯ ಮೇಲಿಟ್ಟಳು. ಆ ದಿನ ಅವಳ ಬೈಗುಳ ಮೂರು ಮನೆಗಳಾಚೆಗೂ ಕೇಳುತ್ತಿತ್ತು.

ಸುಟ್ಟ ಕೈಯವನ ಗಾಯ ಕೀವಾಯಿತು. ಜ್ವರ ಬಂತು. ಅವಳು ನಾಟಿ ವೈದ್ಯನನ್ನು ಎಳೆದುಕೊಂಡು ಬಂದಳು. ವೈದ್ಯ ಮೂಗು ಮುರಿದ.

"ಇವನು ಸತ್ತರೆ ನಿನಗೇನು ನಷ್ಟ, ನಿಂಬೆವ್ವ?"

"ಇವನು ಸಾಯುವ ಹೊತ್ತು ನಾನೂ ನೀನೂ ಇಡುವುದಲ್ಲ. ಕಟ್ಟು ಬಿಚ್ಚಿ ನೋಡು."

ಜ್ವರ ಇಳಿದ ಮೇಲೆ ಆ ಮನುಷ್ಯ ಒಂದು ಸಲ ಅವಳ ಕಡೆ ಕೈ ಮುಗಿದ. "ಅವ್ವಾ, ನಮಗೆ ಅಪ್ಪಣೆಯಾಗಿತ್ತು. ಒಳಗೆ ಯಾರೋ ಅಳುತ್ತಿದ್ದುದು ಕೇಳಿಸಿತು. ನಾನು ಮತ್ತೆ ಚಿಲಕ ತೆಗೆಯಲು ಹೋದೆ. ಕೈ ಸುಟ್ಟಿತು. ಓಡಿಹೋದೆ."

ನಿಂಬೆವ್ವ ರೊಟ್ಟಿಯನ್ನು ಅವನ ಮುಂದಕ್ಕೆ ತಳ್ಳಿದಳು.

"ನನ್ನನ್ನು ಅವ್ವ ಎನ್ನಬೇಡ," ಎಂದಳು. "ಈ ಮಾತನ್ನು ಗಡಿಕಲ್ಲಿನ ಬಳಿ ಹೇಳು. ಅಲ್ಲಿಯವರೆಗೆ ತಿನ್ನು."

ಮುಂಗಾರಿನ ಮೊದಲು ಯುದ್ಧ ನಿಂತಿತು. ಎರಡೂ ಕಡೆ ಬಿತ್ತುವ ಕೈಗಳು ಬೇಕಾಗಿದ್ದವು. ಎರಡು ನಾಡಿನ ಹಿರಿಯರು ಗಡಿಕಲ್ಲಿನ ಬಳಿ ಮತ್ತೆ ಸೇರಿದರು. ನಿಂಬೆವ್ವನ ಕೊಟ್ಟಿಗೆಯ ನಾಲ್ವರನ್ನು ಬಿಟ್ಟು ಕಳಿಸಿದರು. ಅವರೂ ಕಾಳಗದಲ್ಲಿ ಈಚೆಯವರನ್ನು ಕೊಂದವರೇ. ಆದರೆ ಆಯುಧ ಹಿಡಿದವರನ್ನು ಎದುರಿಗೆ ನಿಂತು ಕೊಂದವರು. ಅದನ್ನು ಯಾರೂ ಕೇಳಲಿಲ್ಲ. ಸುಟ್ಟ ಕೈಯವನನ್ನು ಮಾತ್ರ ಕಲ್ಲಿನ ಮುಂದೆ ನಿಲ್ಲಿಸಿದರು.

ಅವನು ಎಲ್ಲವನ್ನೂ ಹೇಳಿದ. ಚಿಲಕ ಹಾಕಿದ್ದು ತಾನು ಎಂದ. ಹಾಕು ಎಂದವನು ತನ್ನ ರಾವುತರ ನಾಯಕ ಎಂದು, ಆಚೆ ಸಾಲಿನಲ್ಲಿ ಜರಿಯ ರುಮಾಲು ಸುತ್ತಿ ಕೂತಿದ್ದವನ ಕಡೆ ಸುಟ್ಟ ಕೈ ಚಾಚಿದ. ಆ ನಾಯಕ ಎದ್ದು, ಯುದ್ಧವೆಂದರೆ ಇವೆಲ್ಲ ಇದ್ದದ್ದೇ ಎಂದ. ಅವನ ನಾಡಿನ ಹಿರಿಯರೇ ಅವನನ್ನು ಕೂರಗೊಡಲಿಲ್ಲ. ಅಪ್ಪಣೆ ಕೊಟ್ಟವನಿಗೂ ಅಪ್ಪಣೆ ನಡೆಸಿದವನಿಗೂ ಒಂದೇ ಶಿಕ್ಷೆಯಾಯಿತು. ಎರಡೂ ನಾಡಿನಲ್ಲಿ ಅವರಿಗೆ ನೀರಿಲ್ಲ, ನೆರಳಿಲ್ಲ. ಅವರು ಹೊತ್ತು ಮುಳುಗುವ ಮೊದಲು ಸೀಮೆ ದಾಟಬೇಕು.

ಈಚೆಯ ಜನ ಸಂತೋಷದಿಂದ ಕೂಗಿದರು. ಹಿರಿಯನೊಬ್ಬ ನಿಂಬೆವ್ವನನ್ನು ಕೇಳಿದ: "ಆಯಿತೇ, ತಂಗಿ? ಇನ್ನೇನಾದರೂ ಹೇಳುವುದಿದೆಯೇ?"

"ಇದೆ," ಎಂದಳು ನಿಂಬೆವ್ವ.

ಅವಳು ತಿರುಗಿ ತನ್ನ ನಾಡಿನ ದಳವಾಯಿಯ ಕಡೆ ಬೆರಳು ಮಾಡಿದಳು. "ಇವರು ಐದು ಜನ ಶರಣಾದವರನ್ನು ಹಗೇವಿನಲ್ಲಿ ಹಾಕಿ ಮುಚ್ಚು ಎಂದರು. ಇಳಿದವರು ಸಾಯುತ್ತಾರೆಂದು ಇವರಿಗೆ ಗೊತ್ತಿತ್ತು. ಯಾವ ಹಗೇವು ಎಂದು ತೋರಿಸಿದವಳು ನಾನು. ಕಲ್ಲು ತೆಗೆಸಿದವಳೂ ನಾನು. ಇದೂ ಈ ಕಲ್ಲಿನ ಮುಂದೆ ಇರಲಿ."

ಕೂಗು ನಿಂತುಹೋಯಿತು. ಆಮೇಲೆ ಅವಳದೇ ಜನ ಅವಳನ್ನು ಬಯ್ಯಲು ಎದ್ದರು. ಮನೆಹಾಳಿ ಎಂದರು. ವೈರಿಯ ಉಪ್ಪು ತಿಂದವಳು ಎಂದರು. ಅವಳು ಕದಲಲಿಲ್ಲ. ಕತ್ತಿನ ನರ ಉಬ್ಬಿಸಿ, ಒಬ್ಬೊಬ್ಬರ ಮುಖ ನೋಡಿ, "ಹಣತೆ ಆರಿದ್ದನ್ನು ನೀನು ನೋಡಲಿಲ್ಲವೇ? ನೀನು? ನೀನು?" ಎಂದು ಕೇಳಿದಳು. ಕೇಳಿಸಿಕೊಂಡವರು ಒಬ್ಬೊಬ್ಬರೇ ಕೂತರು.

ಹಿರಿಯರು ಮಧ್ಯಾಹ್ನವಿಡೀ ಮಾತಾಡಿದರು. ಯಾರೂ ಸಾಯದಿದ್ದುದರಿಂದ ದಳವಾಯಿಗೆ ಗಡೀಪಾರು ಆಗಲಿಲ್ಲ. ಆದರೆ ಅವನ ಕೈಯಿಂದ ದಳವಾಯಿ ಪದವಿ ಹೋಯಿತು. ಇನ್ನು ಮುಂದೆ ಅವನ ಮಾತಿಗೆ ಹತ್ತು ಜನ ಕತ್ತಿ ಹಿರಿಯಬಾರದೆಂದು ತೀರ್ಮಾನವಾಯಿತು. ನಿಂಬೆವ್ವನಿಗೆ ಅವರು ಏನೂ ಹೇಳಲಿಲ್ಲ. ಹೇಳದೆ ಬಿಟ್ಟಿದ್ದಕ್ಕೆ ಅವಳು ಅವರ ಮೇಲೆಯೂ ಸಿಟ್ಟಾದಳು.

ಬರಮಣ್ಣ ಮತ್ತೆ ಅವಳ ಹೊಸ್ತಿಲು ತುಳಿಯಲಿಲ್ಲ. ಬೇರೆ ಮದುವೆಯಾದ. ಮಕ್ಕಳಾದವು. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದ. ಅದೊಂದು ಮಾತ್ರ ಅವಳನ್ನು ಒಳಗೊಳಗೇ ತಿಂದಿತು.

ಗುರುಗಳು ಕತೆ ನಿಲ್ಲಿಸಿದರು. ಸೂರಗೊಂಡ ಯಾವಾಗಲೋ ಕೂತಿದ್ದ. ತಾನು ಕೂತದ್ದು ಅವನಿಗೆ ತಿಳಿದಿರಲಿಲ್ಲ.

"ಕೊನೆಗಾದರೂ ಅವಳು ಆ ಮನುಷ್ಯನನ್ನು ಕ್ಷಮಿಸಿದಳೇ?" ಎಂದು ಕೇಳಿದ.

"ಇಲ್ಲ. ಸಾಯುವ ದಿನದವರೆಗೂ ಅವನ ಸುದ್ದಿ ಬಂದರೆ ಉಗುಳುತ್ತಿದ್ದಳು."

ಸೂರಗೊಂಡನಿಗೆ ರೇಗಿತು. "ಹಾಗಾದರೆ ಅದು ಎಂಥ ಧರ್ಮ, ಗುರುಗಳೆ? ಮನಸ್ಸಿನಲ್ಲಿ ಒಂದು ಹನಿ ದಯೆ ಇಲ್ಲದೆ, ಹಲ್ಲು ಕಚ್ಚಿಕೊಂಡು ಆಣೆ ನಡೆಸಿದರೆ ಏನು ಬಂತು?"

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು:

"ದಯೆ ಇದ್ದವನಿಗೆ ಆಣೆ ಯಾಕೆ ಬೇಕು, ಸೂರಗೊಂಡಾ?"